ಹೆಬ್ಬೆರಳ ಸುಣ್ಣ

ಗಂಡ ಶಿವಮಲ್ಲಪ್ಪ ಸೈಕಲ್ ಹತ್ತಿ ಹೊರಟನೆಂದರೆ ಮಂಗಳಗೌರಿಯ ಜೀವವೂ ಆ ಚಕ್ರದ ಜೊತೆಗೇ ಉರುಳುತ್ತಾ ಹೋಗುತ್ತಿತ್ತು. ಅವನು ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವ ಸರ್ಕಾರಿ ನೌಕರ. ನಂಜನಗೂಡಿನಿಂದ ನರಸೀಪುರದವರೆಗೆ ಊರೂರು ಅಲೆಯಬೇಕು. ತೊಡೆಯ ಮೇಲೆ ಮಗು ಹಾಲು ಕುಡಿಯುವಾಗಲೂ ಅವಳ ಕಣ್ಣಿಗೆ ಕಾಣುತ್ತಿದ್ದುದು ಯಾವುದೋ ಹಳ್ಳ, ಯಾವುದೋ ಎತ್ತಿನ ಕೊಂಬು. ಮೊನ್ನೆ ಅದು ನಿಜವೇ ಆಯಿತು. ನರಸೀಪುರದ ಹೊಳೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮೊಣಕೈ ತರಚಿಕೊಂಡು, ಸೊಟ್ಟ ಚಕ್ರದ ಸೈಕಲ್ಲನ್ನು ಎತ್ತಿನ ಗಾಡಿಗೆ ಹಾಕಿಸಿಕೊಂಡು ಮನೆಗೆ ಬಂದ.

ಮೈಸೂರಿನ ಕಚೇರಿಯಲ್ಲಿದ್ದ ಅವಳ ಅಪ್ಪ ಹಿಂದೆಯೇ ಹೇಳಿದ್ದರು: "ಒಂದು ಮಾತು ಹೇಳು ಮಗಳೇ, ಕೂತು ಬರೆಯೋ ಕೆಲಸಕ್ಕೆ ವರ್ಗ ಮಾಡಿಸ್ತೀನಿ." ಇವರ ಊರಿನಲ್ಲಿ ಇದ್ದದ್ದು ಒಂದೇ ಫೋನು, ಮಂಡಿ ಬಸವಯ್ಯನವರದು. ಆದರೆ ವರ್ಗದ ಮಾತೆತ್ತಿದರೆ ಗಂಡನಿಗೆ ಮೈಯೆಲ್ಲ ಉರಿ. "ಸಿಡುಬು ಬರೋದು ಊರಿಗೆ ಕಣೇ, ಮೇಜಿಗಲ್ಲ" ಎನ್ನುತ್ತಿದ್ದ. ಇವತ್ತು ಅವನನ್ನು ಕೇಳದೆಯೇ ಫೋನು ಮಾಡಿಬಿಡುವುದೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಚಕ್ರ ನೋಡಲು ಕುಂಬಾರ ದೊಡ್ಡಸಿದ್ದಯ್ಯ ಬಂದ. ಹುಟ್ಟಿದ್ದು ಹತ್ತಿರದ ಹೆಡತಲೆ ಹಳ್ಳಿಯಲ್ಲಿ, ಏಳನೇ ವಯಸ್ಸಿಗೆ ಮಣ್ಣು ತುಳಿದವನು, ಹನ್ನೆರಡಕ್ಕೆ ಕುಂಬಾರಚಕ್ರದ, ಅವನ ಮಾತಲ್ಲಿ ತಿಗರಿಯ, ಮುಂದೆ ಕೂತು ಮಡಕೆ ಎತ್ತಿದವನು. ಐವತ್ತು ವರ್ಷ ಅದೇ ಕಸುಬು. ಈಗ ಎರಡು ಕಣ್ಣಿಗೂ ಪೊರೆ. ಜನ್ಮದಲ್ಲಿ ಸೈಕಲ್ ಹತ್ತಿದವನಲ್ಲ. ಹಿಂದೊಮ್ಮೆ ಅಂಚೆಯವನ ಸೈಕಲ್ಲು ಸಂತೆಯಲ್ಲಿ ಅವನ ಮಡಕೆಗಳ ಮೇಲೇ ನುಗ್ಗಿದಾಗ, ಬೈಯುವುದು ಬಿಟ್ಟು ಚಕ್ರ ತಿರುಗಿಸಿ ನೋಡಿದನಂತೆ: "ಲೋ, ಇದೂ ತಿಗರಿನೇ ಕಣ್ಲಾ, ಎದ್ ನಿಂತದೆ ಅಷ್ಟೆ!" ಅಂದಿನಿಂದ ಊರಿನ ಮೂರು ಸೈಕಲ್ಲಿಗೂ ಅವನೇ ವೈದ್ಯ.

ಪೊರೆಗಣ್ಣಿನವನಿಗೆ ಸೊಟ್ಟು ಹೇಗೆ ಕಂಡೀತು ಎಂದುಕೊಳ್ಳುತ್ತ ಮಂಗಳಗೌರಿ ಮಗುವನ್ನು ಎತ್ತಿಕೊಂಡು ನಿಂತಳು. ಅವನು ಜಗಲಿಯಲ್ಲಿ ಗೋಣಿ ಹಾಸಿ ಸೈಕಲ್ಲನ್ನು ತಲೆಕೆಳಗು ಮಾಡಿದ. ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಹೆಬ್ಬೆರಳಿಗೆ ಬಳಿದುಕೊಂಡ. ಮೊಣಕೈಯನ್ನು ಮೊಣಕಾಲಿಗೆ ಊರಿ, ಬೆರಳನ್ನು ಚಕ್ರದ ಅಂಚಿಗೆ ಕೂದಲೆಳೆಯಷ್ಟು ದೂರ ಹಿಡಿದು, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದ. ಚಕ್ರ ಗಿರ್ರೆಂದಿತು; ಬೆರಳು ಮಾತ್ರ ಗೋಡೆಗೆ ಹೊಡೆದ ಗೂಟ. ಅಂಚಿನ ಒಂದು ಕಡೆ ಗೇಣುದ್ದ ಬಿಳಿ ಗೆರೆ ಬಿತ್ತು.

"ಸುಣ್ಣ ಅಂಟಿದ ತಾವು ಇತ್ತಾಗೆ ಉಬ್ಬದೆ ಕಣವ್ವ. ಅತ್ತಾಗಿನ ಕಡ್ಡಿ ಬಿಗೀಬೇಕು, ಇತ್ತಾಗಿಂದು ಸಡ್ಲ ಬುಡಬೇಕು. ಅರ್ಧ ಸುತ್ತು, ಅಷ್ಟೇಯ."

ಇಕ್ಕಳಕ್ಕೆ ಬಟ್ಟೆ ಸುತ್ತಿ ಬಿಗಿದ, ಸಡಿಲಿಸಿದ, ಒರೆಸಿ ಮತ್ತೆ ತಿರುಗಿಸಿದ. ಗೇಣಿನ ಗೆರೆ ಬೆರಳುದ್ದವಾಯಿತು, ಉಗುರಷ್ಟಾಯಿತು, ಆಮೇಲೆ ಇಲ್ಲವೇ ಇಲ್ಲ. ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಂತೆ ತಿರುಗಿತು.

ಅವನು ಬ್ರೇಕಿನ ಮೆತ್ತೆ ಸವರಿ ಮೂಸಿ ನೋಡಿದ. "ಇದ್ಕೆ ಎಣ್ಣೆ ಆಕ್ದೋರು ಯಾರು?"

"ನಾನೇ ತಾತ. ಗಾಡಿ ಅಚ್ಚಿಗೆ ಹಾಕ್ತಾರಲ್ಲ, ಹಾಗೆ... ಸರಾಗವಾಗಿ ಓಡಲಿ ಅಂತ."

"ಕೂಸಿನ ನೆತ್ತಿಗೆ ಒತ್ತೋ ಅರಳೆಣ್ಣೆ!" ಅವನು ಬೊಚ್ಚುಬಾಯಿ ಬಿಟ್ಟು ನಕ್ಕ. "ತಿರುಗೋ ತಾವ್ಕೆ ಎಣ್ಣೆ, ತಾಯಿ. ಸರಪಣಿಗೆ ವಾರಕ್ಕೆ ನಾಕು ತೊಟ್ಟು. ತಡೆಯೋ ತಾವ್ಕೆ ಬೂದಿ."

ಅವಳಿಗೆ ಹೊಳೆಯಿತು: ಗಂಡನನ್ನು ಬೀಳಿಸಿದ್ದು ಇಳಿಜಾರಲ್ಲ. ಮಗುವನ್ನು ಚಾಪೆಯ ಮೇಲೆ ಬಿಟ್ಟು, ಒಲೆಯ ಬೂದಿ ತಂದು, ಮೆತ್ತೆಯನ್ನೂ ಚಕ್ರದ ಅಂಚನ್ನೂ ತಾನೇ ತಿಕ್ಕಿದಳು. ಬ್ರೇಕು ಒತ್ತಿದಳು, ಓಡುತ್ತಿದ್ದ ಚಕ್ರ ಗಕ್ಕನೆ ನಿಂತಿತು.

"ನೀವೂ ಬೆರಳು ಇಟ್ ನೋಡಿ" ಎಂದು ಸಿದ್ದಯ್ಯ ಅವಳ ಹೆಬ್ಬೆರಳಿಗೂ ಸುಣ್ಣ ಬಳಿದ. ಬೆರಳು ನಡುಗಿತು, ಚಕ್ರದ ಸುತ್ತಲೂ ಬಿಳಿಯೋ ಬಿಳಿ.

"ಬೆದರಿದ್ ಬೆರಳಿಗೆ ಎಲ್ಲಾ ತಾವೂ ಸೊಟ್ಟವೇ ಕಣವ್ವ. ಮೊಣಕೈ ಊರ್ಕೊಳ್ಳಿ."

ಊರಿಕೊಂಡಳು. ನಾಲ್ಕನೆಯ ಸಲ ಅಂಚು ಬೆಳ್ಳಗಾಗಲಿಲ್ಲ.

ಸಂಜೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸವಯ್ಯನವರ ಮಂಡಿಗೆ ಹೋಗಿ ಫೋನು ಮಾಡಿದಳು.

"ವರ್ಗ ತಾನೆ? ನಾಳೇನೇ ಹೇಳ್ತೀನಿ" ಎಂದರು ಅಪ್ಪ.

"ಬೇಡಪ್ಪ. ಇಕ್ಕಳದಲ್ಲಿ ಬಿಗಿದ್ರೆ ಸೈಕಲ್ ಚಕ್ರದ ಕಡ್ಡಿ ತಲೆ ಸವೆಯುತ್ತಂತೆ, ಚಕ್ರ ಸರಿಮಾಡಿದ ತಾತ ಹೇಳಿದ್ರು. ಅಲ್ಲಿ ಸೈಕಲ್ ಅಂಗಡೀಲಿ ಕಡ್ಡಿ ಬಿಗಿಯೋ ಚಾವಿ ಸಿಗುತ್ತಲ್ಲ, ಎರಡು ಕಳಿಸಿ. ಒಂದು ಸಿದ್ದಯ್ಯ ತಾತನಿಗೆ."

"ಇನ್ನೊಂದು ಅಳಿಯಂದಿರಿಗೋ?"

"ಇಲ್ಲಪ್ಪ, ನನಗೆ."