ಕುರಿಯ ಕತ್ತರಿ, ಬೆಕ್ಕಿನ ತೊಗಲು

ಇದನ್ನು ಹೇಳಲು ಎರಡು ವರ್ಷ ತಡ ಮಾಡಿದ್ದೇನೆ. ಬರೆಯಲು ಕೂತಾಗಲೆಲ್ಲ ತಪ್ಪನ್ನು ಬೆಕ್ಕಿನ ಮೇಲೆಯೇ ಹಾಕಿ ಮುಗಿಸಿಬಿಡುವ ಆಸೆಯಾಗುತ್ತಿತ್ತು. ಬೆಕ್ಕು ತಿರುಗಿ ಹೇಳುವುದಿಲ್ಲವಲ್ಲ.

ಹೆಂಡತಿ ತೀರಿಕೊಂಡ ಮೇಲೆ ನಮ್ಮೂರು ಮಂದ್ರೂಪದ ಮನೆಗೆ ಬೀಗ ಹಾಕಿ, ಅಕ್ಕಲಕೋಟೆಯಲ್ಲಿ ಒಬ್ಬಳೇ ಇದ್ದ ಅಕ್ಕನ ಮನೆ ಸೇರಿದೆ. ಚಿಕ್ಕಂದಿನಿಂದಲೂ ನಮಗಿಬ್ಬರಿಗೆ ಆಗಿಬರುವುದಿಲ್ಲ. ನಮ್ಮದು ಕುರಿ ಸಾಕುವ ಮನೆತನ. ಉಣ್ಣೆ ಕತ್ತರಿಸುವ ಕತ್ತರಿಯನ್ನು ಅಪ್ಪ ನನಗೆ ಕೊಟ್ಟ, ಅವಳಿಗೆ ಮುಟ್ಟಲೂ ಬಿಡಲಿಲ್ಲ. ಎಪ್ಪತ್ತು ದಾಟಿದರೂ ಅವಳ ಆ ಸಿಟ್ಟು ಇಳಿದಿರಲಿಲ್ಲ. ಅವಳ ಕಣ್ಣಿಗೆ ಬೀಳಲಿ ಎಂದೇ ನಾನು ಆ ಕತ್ತರಿಯನ್ನು ಅವಳ ಪಡಸಾಲೆಯ ಮೊಳೆಗೆ ತೂಗುಹಾಕಿದೆ.

ಅವಳ ಬೆಕ್ಕು ಬೂದಿ ಬಣ್ಣದ್ದು, ಉದ್ದ ಕೂದಲಿನದು. ನನ್ನ ಹಾಸಿಗೆಯಲ್ಲೇ ಬಂದು ಮಲಗುತ್ತಿತ್ತು. ನಾನು ಕಾಲಿನಿಂದ ನೂಕುತ್ತಿದ್ದೆ. ಆ ಚಳಿಗಾಲ ಅದರ ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕೂದಲು ಗಂಟುಗಟ್ಟಿ ಕಂಬಳಿಯ ತುಂಡಿನಂತಾಯಿತು. ಅಕ್ಕ ದಿನಾ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚರ್ಮ ಜಗ್ಗದಂತೆ ಗಂಟಿನ ಬುಡ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಬೆಕ್ಕು ಬಾಲ ಬಡಿಯತೊಡಗಿದರೆ ಅಲ್ಲಿಗೇ ಬಿಟ್ಟುಬಿಡುವಳು. ಅವಳ ಕೈ ನಡುಗುತ್ತಿತ್ತು. ಕೆಲಸ ಸಾಗುತ್ತಿರಲಿಲ್ಲ.

"ಬಾ, ಬರೇ ಹಿಡದ ಕೂಡು," ಎಂದಳು ಒಂದು ದಿನ.

"ನೂರಾರ ಕುರಿ ಉಣ್ಣಿ ಕತ್ತರಿಸಿದಾಂವಗ ಬೆಕ್ಕ ಹಿಡಿ ಅಂತೀದಿ? ಒಂದ ತಾಸಿನ್ಯಾಗ ಬೋಳಿಸಿ ಒಗೀತೀನಿ."

"ನಿನ್ನ ಕತ್ತರಿ ಗ್ವಾಡಿ ಮ್ಯಾಲೇ ಚಂದ ಕಾಣ್ತದ. ಅಲ್ಲೇ ಇರ್ಲಿ."

ಮರುದಿನ ಅವಳು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ನಾನು ಕುರಿಗೆ ಕಟ್ಟುವಂತೆ ಬೆಕ್ಕಿನ ನಾಲ್ಕೂ ಕಾಲು ಕೂಡಿಸಿ ಕಟ್ಟಿದೆ, ಮೇಲೆ ಮೊಣಕಾಲು ಊರಿದೆ. ಕಂಕುಳ ಗಂಟನ್ನು ಎತ್ತಿ ಹಿಡಿದು ಕತ್ತರಿ ಆಡಿಸಿದೆ. ಗಂಟಿನ ಜೊತೆಗೇ ತೊಗಲು ಎದ್ದು ಬಂದಿತ್ತು. ಅದನ್ನೂ ಕತ್ತರಿಸಿದ್ದೆ. ಬೆಕ್ಕು ಕೂಗಲಿಲ್ಲ. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟಿತು. ಕಟ್ಟು ಬಿಚ್ಚಿದೆ, ಕತ್ತರಿ ತೊಳೆದು ಮೊಳೆಗೆ ಹಾಕಿದೆ.

ಅಕ್ಕ ಬಾಗಿಲಿಗೆ ಬಂದಾಗ ಹೇಳಿದೆ: "ನೀ ಬಾಗಲಾ ತೆರದ ಹ್ವಾದಿ. ನಾಯಿ ಬಂದ ಬೆಕ್ಕ ಹಿಡೀತು."

ಡಬ್ಬಿ ಇಳಿಸುವುದನ್ನೂ ಮರೆತು, ಹಿಟ್ಟು ತಲೆಯ ಮೇಲಿರುವಂತೆಯೇ ಅವಳು ಬೆಕ್ಕನ್ನು ಹುಡುಕಿದಳು. ದನದ ಡಾಕ್ಟರಿಗೆ ತೋರಿಸಲು ಹೊರಟಾಗ, ಸೊಲ್ಲಾಪುರದ ಬಸ್ಸಿನಲ್ಲಿ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೆಕ್ಕಿಗೆ ಹೇಳುತ್ತಿದ್ದಳು, "ನಂದಽ ತಪ್ಪ, ನಾನಽ ಬಾಗಲಾ ಹಾಕಲಿಲ್ಲ." ನಾನು ಕಿಟಕಿಯಾಚೆ ಕಬ್ಬು ನೋಡಿದೆ.

ದನದ ಡಾಕ್ಟರು ಗಾಯ ತೊಳೆದು ನೋಡಿದರು. "ಇದ ನಾಯಿ ಹಲ್ಲ ಅಲ್ರಿ ಆಜಿ. ಕತ್ತರಿ. ಯಾರ ಹಚ್ಚಿದ್ರು?"

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಧೋತರಕ್ಕೆ ಬೂದಿ ಕೂದಲು ಮೆತ್ತಿಕೊಂಡಿತ್ತು. ಅದನ್ನೇ ನೋಡಿದಳು.

"ನಾನಽ ರೀ ಸಾಹೇಬ್ರ. ಕೈ ನಡಗತಾವ."

ಹೊಲಿಗೆ ಹಾಕುತ್ತಲೇ ಡಾಕ್ಟರು ಅವಳನ್ನು ಬೈದರು. "ಬೆಕ್ಕಿನ ತೊಗಲಾ ಕಾಗದ ಇದ್ದಂಗ. ಗಂಟಿಗೆ ಕತ್ತರಿ ಹಚ್ಚಬಾರ್ದು. ಬಿಡಸಾಕ ಆಗ್ಲಿಲ್ಲಂದ್ರ ಇಲ್ಲಿ ತರ್ರಿ, ಮಶೀನಲೆ ತಗೀತೀವಿ. ವಯಸ್ಸಾಗ್ಯದ, ತಿಳೀಬಾರ್ದೇನ್ರಿ?" ಅವಳು ತಲೆ ತಗ್ಗಿಸಿ ಎಲ್ಲ ಕೇಳಿದಳು. ನಾನು ಬುಟ್ಟಿ ಹಿಡಿದು ನಿಂತಿದ್ದೆ.

ಹೊರಗೆ ಬಂದ ಮೇಲೆ ಅಂದಳು: "ಮಂದಿ ಮುಂದ ಅಪ್ಪನ ಕತ್ತರಿ ಮರ್ಯಾದಿ ಹೋಗಬಾರ್ದಂತ ಅಂದೆ. ನಿನಗಂತ ಅಲ್ಲ."

ಮನೆಗೆ ಬಂದು ಕತ್ತರಿಯನ್ನು ಟ್ರಂಕಿಗೆ ಹಾಕಲು ಹೋದರೆ ಬಿಡಲಿಲ್ಲ. "ಇರ್ಲಿ. ದಿನಾ ಕಾಣ್ಲಿ ನಿನಗ."

ಈಗ ಬಾಚುವವನು ನಾನೇ. ಬೆಕ್ಕು ಹತ್ತಿರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಕ್ಕ ಎದುರಿಗೆ ಕೂತು ಕಾವಲು ಕಾಯುತ್ತಾಳೆ. "ಮೆಲ್ಲಕ, ಕಟುಕಾ." "ಬಾಯಿ ಮುಚ್ಚ, ಮುದಕಿ," ಅನ್ನುತ್ತೇನೆ. ನಿನ್ನೆ ಅವಳು ಅಡುಗೆಮನೆಗೆ ಎದ್ದುಹೋದ ಮೇಲೆ, ಬಾಚುತ್ತಿರುವಾಗಲೇ ಬೆಕ್ಕು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಕಂಕುಳಲ್ಲಿ ಕೂದಲು ಹುಟ್ಟದ ಆ ಗೆರೆ ಬೆರಳಿಗೆ ಸಿಕ್ಕಿತು. ಮೆತ್ತಗೆ ಅದಕ್ಕೆ "ತಪ್ಪಾತು" ಎಂದೆ.

ಅಡುಗೆಮನೆಯಿಂದ ದನಿ ಬಂತು. "ಬೆಕ್ಕಿಗಿ ಹೇಳಾಕ ಬಾಯಿ ಬರ್ತದ ನೋಡ, ಇವಗ."

ನಾನು ಬಾಚಣಿಗೆಯ ಕೂದಲು ತೆಗೆಯುತ್ತ ಕೂತೆ. ಇವತ್ತಿಗೂ ಆ ಮಾತನ್ನು ಅವಳಿಗೆ ಹೇಳಿಲ್ಲ, ನನ್ನ ಅಕ್ಕನಿಗೆ.