ರಸ್ತೆಗೆ ಬೆನ್ನು ಹಾಕಿದ ಹಾರ್ನ್‌ಗಳು

ಕಡಬದ ಮೈದಾನದಲ್ಲಿ ಮಂಜು ಇನ್ನೂ ಹರಿದಿಲ್ಲ. ಏಣಿಯ ತುದಿಯಲ್ಲಿ ನಿಂತು ಮೂಸಕುಂಞಿ ಕಂಬಕ್ಕೆ ಧ್ವನಿವರ್ಧಕದ ಹಾರ್ನ್ ಬಿಗಿಯುತ್ತಿದ್ದಾರೆ. ಮದುವೆಮನೆಯಾದರೆ ಅದರ ಬಾಯಿ ರಸ್ತೆಯ ಕಡೆಗಿರುತ್ತದೆ, ಊರಿಗೆಲ್ಲ ಕೇಳಬೇಕು. ಇವತ್ತು ಮಾತ್ರ ಒಳಕ್ಕೆ ತಿರುಗಿಸಿ, ಖಾಲಿ ಕುರ್ಚಿಗಳತ್ತ ಬಗ್ಗಿಸುತ್ತಾರೆ.

“ಶಾಂತಿ ಸಭೆಗೆ ಹೀಗೆಯೇ ಕಟ್ಟುದು. ರಸ್ತೆಯಲ್ಲಿ ಹೋಗುವವನಿಗೆ ಅರ್ಧ ಮಾತು ಕೇಳ್ತದೆ. ಉಳಿದರ್ಧ ಅವನೇ ಸೇರಿಸಿಕೊಂಡು ಮನೆಗೆ ಹೋಗ್ತಾನೆ. ಆಮೇಲೆ ನೋಡಿ ಮಾರಾಯ್ರೆ!”

ಕೋಡಿಂಬಾಳದ ಮೂಸಕುಂಞಿಗೆ ಅರುವತ್ತು ದಾಟಿದೆ. ಗ್ರಾಮಫೋನ್ ತಟ್ಟೆಯ ಕಾಲದಿಂದ ಇದೇ ಕಸುಬು. ಉರೂಸಿಗೂ ಭಜನೆಗೂ ಎಲ್ಲ ಪಕ್ಷಗಳ ಭಾಷಣಕ್ಕೂ ಇವರದೇ ಮೈಕ್. ಮಂಡೆಕೋಲು ಊರಿನಲ್ಲಿ ಒಮ್ಮೆ ಹಾರ್ನ್ ಕಟ್ಟಲು ಹತ್ತಿದ ಮರದಿಂದ ಬಿದ್ದು ಎಡಗಾಲು ಸೊಟ್ಟಗಾಯಿತು. ಹಾರ್ನಿನ ಬುಡದಲ್ಲೇ ಕುಳಿತು ಕುಳಿತು ಬಲಗಿವಿ ಮಂದವಾಯಿತು. ಪುತ್ತೂರಿನಿಂದ ಇಲ್ಲಿಯವರೆಗೆ ಇವರ ಮೈಕಿನಲ್ಲಿ ಮಾತಾಡದ ನಾಯಕರು ಕಡಿಮೆ. ಇವರ ಹೆಸರು ಬಲ್ಲವರು ಇನ್ನೂ ಕಡಿಮೆ. “ಸೌಂಡ್ ಕೈಕೊಟ್ಟರೆ ‘ಮೈಕಿನವ ಎಲ್ಲಿ’ ಅಂತಾರೆ. ಸರಿ ಇದ್ದರೆ ಅದೂ ಇಲ್ಲ,” ಎಂದು ನಗುತ್ತಾರೆ.

ಮೊನ್ನೆ ಪೇಟೆಯಲ್ಲಿ ಬ್ಯಾನರ್ ಹರಿದ ವಿಷಯಕ್ಕೆ ಹೊಡೆದಾಟವಾಗಿ ಎರಡೂ ಕಡೆಯ ಒಬ್ಬೊಬ್ಬ ಆಸ್ಪತ್ರೆಯಲ್ಲಿದ್ದಾನೆ. ಅಂಗಡಿಗಳು ಮುಚ್ಚಿವೆ. ದೇವಸ್ಥಾನದ ಮೊಕ್ತೇಸರರೂ ಮಸೀದಿಯ ಖತೀಬರೂ ಒಂದೇ ವೇದಿಕೆಯಲ್ಲಿ ನಿಂತು ಹೇಳಿದರೆ ಮಾತ್ರ ಬಾಗಿಲು ತೆಗೆಯುತ್ತೇವೆ ಎಂದಿದ್ದಾರೆ ವರ್ತಕರು.

ಬಿಸಿಲೇರುವ ಹೊತ್ತಿಗೆ ಒಂದು ಪಿಕಪ್ ಬಂದು ನಿಲ್ಲುತ್ತದೆ. ಪೇಟೆಯಲ್ಲೇ ಇನ್ನೊಂದು ಮೈಕ್ ಸೆಟ್ಟಿನ ಅಂಗಡಿ ನಡೆಸುವ ಲತೀಶ್ ತಲೆ ತಗ್ಗಿಸಿಕೊಂಡು ಇಳಿಯುತ್ತಾರೆ.

“ಎಂತ ಮಾಡುದು ಮೂಸಾಕ, ಮೊಕ್ತೇಸರರು ನಮ್ಮವರ ಮೈಕಲ್ಲೇ ಮಾತಾಡ್ಬೇಕಂತೆ. ಹುಡುಗರು ಬಿಡುದಿಲ್ಲ.”

ಸುದ್ದಿ ಹರಡುತ್ತದೆ. ಹಾಗಾದರೆ ಖತೀಬರು ಲತೀಶನ ಮೈಕಿನ ಮುಂದೆ ನಿಲ್ಲುವುದಿಲ್ಲ ಎನ್ನುತ್ತಾರೆ ಆಚೆ ಕಡೆಯ ಹುಡುಗರು. ಎರಡೂ ಸೆಟ್ ಇಟ್ಟರಾಗದೇ ಎಂದು ಪೊಲೀಸ್ ಅಧಿಕಾರಿ ಕೇಳುತ್ತಾರೆ.

“ಇಡುದು ಸುಲಭ ಸಾರ್. ಆಮೇಲೆ ಕುರ್ಚಿಯೂ ಎರಡು ಪಾಲು ಆಗ್ತದೆ.”

ಇಷ್ಟು ಹೇಳಿ ಮೂಸಕುಂಞಿ ತಮ್ಮ ಆಂಪ್ಲಿಫೈಯರಿನ ವಯರ್ ಕಳಚುತ್ತಾರೆ. ತಮ್ಮ ಮೈಕನ್ನು ಲತೀಶನ ಆಂಪ್ಲಿಫೈಯರಿಗೆ ಸಿಕ್ಕಿಸಿ, ಅಲ್ಲಿಂದ ತಮ್ಮ ಹಾರ್ನ್‌ಗಳಿಗೆ ವಯರ್ ಎಳೆಯುತ್ತಾರೆ.

“ಮೈಕ್ ನಂದು, ಮಿಷನ್ ಇವನದ್ದು, ಹಾರ್ನ್ ಪುನಃ ನಂದು. ಯಾರ ಸೆಟ್ ಅಂತ ಇನ್ನು ನೀವೇ ತೀರ್ಮಾನ ಮಾಡಿ.”

“ಕರೆಂಟ್ ಯಾರದ್ದು ಮೂಸಾಕ?” ಗುಂಪಿನಿಂದ ಒಬ್ಬ ಕುಟುಕುತ್ತಾನೆ.

“ಸರಕಾರದ್ದು. ಹೋದ್ರೆ ಇಬ್ಬರಿಗೂ ಹೋಗ್ತದೆ.”

ನಗಬಾರದೆಂದುಕೊಂಡವರೂ ನಗುತ್ತಾರೆ. ಮತ್ತೆ ಯಾರೂ ತಕರಾರು ಎತ್ತುವುದಿಲ್ಲ. ಲತೀಶ್ ಗುಂಡಿಗಳನ್ನು ಹದ ಮಾಡುವಾಗ ಮೂಸಕುಂಞಿ ಬಗ್ಗಿ ನೋಡುತ್ತಾರೆ. “ಎಕೋ ತೆಗಿ ಮಾರಾಯ. ಶಾಂತಿ ಅಂದದ್ದೂ ಸವಾಲು ಹಾಕಿದ ಹಾಗೆ ಕೇಳ್ತದೆ.”

ಸಭೆ ತುಂಬಿದೆ. ಮೊಕ್ತೇಸರರು ಮಾತಿನ ನಡುವೆ ಸ್ವರವೇರಿಸಿ, ಸೌಂಡ್ ಜಾಸ್ತಿ ಕೊಡಿ ಎಂದು ಕೈಸನ್ನೆ ಮಾಡುತ್ತಾರೆ. ಮೂಸಕುಂಞಿ ಆಗಲಿ ಎಂದು ತಲೆಯಾಡಿಸುತ್ತಾರೆ, ಗುಂಡಿ ಮುಟ್ಟುವುದಿಲ್ಲ. ಸ್ವಲ್ಪದರಲ್ಲಿ ಸ್ವರ ತಾನೇ ಇಳಿಯುತ್ತದೆ. ಆಸ್ಪತ್ರೆಯಲ್ಲಿರುವ ಇಬ್ಬರ ಹೆಸರನ್ನೂ ಹೇಳಿ, ಸಂಜೆ ತಾವೇ ನೋಡಲು ಹೋಗುವುದಾಗಿ ತಿಳಿಸಿ ಮೊಕ್ತೇಸರರು ಕುಳಿತುಕೊಳ್ಳುತ್ತಾರೆ. ಖತೀಬರು ಎದ್ದು ಅದೇ ಮೈಕಿನ ಮುಂದೆ ಅದೇ ಎರಡು ಹೆಸರು ಹೇಳುತ್ತಾರೆ. “ನಾನೂ ಒಟ್ಟಿಗೆ ಬರುತ್ತೇನೆ,” ಎನ್ನುತ್ತಾರೆ.

ಮಧ್ಯಾಹ್ನದೊಳಗೆ ಪೇಟೆಯಲ್ಲಿ ಮೊದಲ ಶಟರ್ ಮೇಲೇಳುತ್ತದೆ. ಹಾರ್ನ್ ಬಿಚ್ಚಿ ಗಾಡಿಗೆ ಹಾಕಿ, ಮೂಸಕುಂಞಿ ಕುಂಟುತ್ತ ರಸ್ತೆಯಾಚೆಯ ಶಂಕರಿಯಕ್ಕನ ಹೋಟೆಲಿಗೆ ಬರುತ್ತಾರೆ. ಆಕೆ ಆಗಷ್ಟೇ ಒಲೆ ಹಚ್ಚಿದ್ದಾರೆ.

“ಎಂತ ಮೂಸಾಕ, ಮೈಕ್ ಹಾಳಾಗಿತ್ತಾ? ಇಲ್ಲಿಗೆ ಒಂದು ಮಾತೂ ಕೇಳ್ಲಿಲ್ಲ.”

ಮೂಸಕುಂಞಿ ಎಡಗಿವಿಯನ್ನು ಮುಂದೆ ಮಾಡುತ್ತಾರೆ. “ಒಂದೂ ಇಲ್ಲವಾ?”

“ಒಂದೂ ಇಲ್ಲ.”

“ಹಾಗಾದ್ರೆ ಒಂದು ಚಾ ಕೊಡಿ ಅಕ್ಕ. ಇವತ್ತು ಸಕ್ಕರೆ ಸ್ವಲ್ಪ ಜಾಸ್ತಿ ಇರ್ಲಿ.”