ಸ್ವಂತ ಗಂಡನ ಜೋಡಿ ಗೋವಾಕ್ಕೆ

ರಜೆ ಅರ್ಜಿಯಲ್ಲಿ ನಿಜವಾದ ಕಾರಣ ಬರೆದು ನೋಡಿದ್ದೀರಾ? ಬರೆಯಬೇಡಿ. ನಾನು ಬರೆದು ಅನುಭವಿಸಿದ್ದೇನೆ.

ಕಳೆದ ತಿಂಗಳು ನಮ್ಮ ಬೈಲಹೊಂಗಲದ ಹೈಸ್ಕೂಲಿನಲ್ಲಿ ಎರಡು ದಿನದ ಸಿಎಲ್ ಕೇಳಿ ಅರ್ಜಿ ಕೊಟ್ಟೆ. ಕಾರಣ ಅಂತ ಇರುವ ಕಡೆ ದುಂಡಗೆ ಬರೆದೆ: 'ಪತಿಯೊಂದಿಗೆ ಗೋವಾ ಪ್ರವಾಸ.' (ಹತ್ತೊಂಬತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ, ಅಕ್ಷರವಾದರೂ ದುಂಡಗಿರಬೇಡವೇ?) ಹೆಡ್ ಮಾಸ್ತರರು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಓದಿದರು.

"ಏನ್ರಿ ಅಕ್ಕೋರ, ಇದೇನ ಬರದೀರಿ?"

"ಕಾರಣಾ ಬರದೇನ್ರಿ ಸರ್."

"ಅಲ್ರಿ, ಆಫೀಸಿನ ಫೈಲ್ ಇದು. ಯಾರರೆ ನೋಡಿದ್ರ ಏನ ತಿಳ್ಕೋಬೇಕು? ಸುಮ್ನ ಹೊಟ್ಟಿನೋವು ಅಂತ ಬರೀರಿ, ಈಗ ಸಹಿ ಮಾಡತೇನಿ."

"ನನಗ ಹೊಟ್ಟಿನೋವು ಇಲ್ಲಲ್ರಿ."

"ಹಂಗಾರ ಯಾವುದರೆ ದೇವರ ಹೆಸರ ಹಾಕ್ರಿ. ಹರಕಿ ಐತಿ ಅನ್ರಿ."

ನಾನು ಪೆನ್ನು ಮುಟ್ಟಲಿಲ್ಲ. ಅವರು ಸಹಿ ಮಾಡಲಿಲ್ಲ. ಅರ್ಜಿ ಡ್ರಾವರಿನೊಳಗೆ ಹೋಯಿತು.

ಮುಂದಿನ ಪೀರಿಯಡ್ಡು ಎಂಟನೇ ತರಗತಿ. ಅವತ್ತಿನ ಪಾಠ ಸತ್ಯದ ಮಹತ್ವದ ಬಗ್ಗೆ. ಯಾವ ಮುಖ ಇಟ್ಟುಕೊಂಡು ಪಾಠ ಮಾಡಬೇಕು ಹೇಳಿ? ದೇವರ ಹೆಸರಲ್ಲಿ ಸುಳ್ಳು ಹೇಳಿದರೆ ರಜೆ, ಗಂಡನ ಹೆಸರಲ್ಲಿ ನಿಜ ಹೇಳಿದರೆ ಡ್ರಾವರು!

ಇದೆಲ್ಲ ಶುರುವಾದದ್ದು ನಮ್ಮ ಮನೆಯವರಿಂದ. ಅವರದು ಮಾರ್ಕೆಟ್ಟಿನಲ್ಲಿ ಬೀಜ ಗೊಬ್ಬರದ ಅಂಗಡಿ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೇ ಬರುವುದು. ಮದುವೆಯಾಗಿ ಇಪ್ಪತ್ತು ವರ್ಷ. ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ನಾವಿಬ್ಬರೇ ಕೂತು ಒಂದು ಕಪ್ ಚಹಾ ಕುಡಿದದ್ದು ನನಗಂತೂ ನೆನಪಿಲ್ಲ. ಅಂಥ ಮನುಷ್ಯ ಒಂದು ಭಾನುವಾರ ನಾನು ರೊಟ್ಟಿ ಬಡಿಯುವಾಗ ಅಡಿಗೆಮನೆ ಬಾಗಿಲಲ್ಲಿ ನಿಂತು, "ನಾವಿಬ್ರ ಎರಡ ದಿನಾ ಗೋವಾಕ್ಕ ಹೋಗಿ ಬರೂಣೇನು?" ಅಂದರು. ಕೈಯಲ್ಲಿದ್ದ ರೊಟ್ಟಿ ಹರಿಯಿತು. "ಹೂಂ" ಅಂದೆ. ಮತ್ತೇನು ಅನ್ನಲಿ? ಇಪ್ಪತ್ತು ವರ್ಷಕ್ಕೊಮ್ಮೆ ಬಂದ ಪ್ರಶ್ನೆಗೆ ಯಾರಾದರೂ ಉತ್ತರ ತಡಮಾಡುತ್ತಾರೆಯೇ?

ಮರುದಿನ ಸಂಜೆ ಇಬ್ಬರೂ ಎಸ್‌ಟಿಡಿ ಬೂತಿಗೆ ಹೋದೆವು. ಪಣಜಿಯ ಒಂದು ಲಾಡ್ಜಿನ ನಂಬರು ಯಾರೋ ಗಿರಾಕಿ ಕೊಟ್ಟಿದ್ದರು. ಲೈನು ಸರಿ ಇರಲಿಲ್ಲ. ನಮ್ಮ ಮನೆಯವರು ತಮ್ಮ ಅಂಗಡಿ ಹಿಂದಿಯಲ್ಲಿ ಕಿರುಚಿದರು: "ಹಾಂ, ಡಬಲ್ ರೂಮ್! ದೋ ಆದ್ಮಿ! ನಹೀ ನಹೀ, ಮೈ ಔರ್ ಮೇರೀ ಮಿಸೆಸ್!" ಆ ಕಡೆಯವನಿಗೆ ಕೇಳಿಸಿತೋ ಇಲ್ಲವೋ, ಹೊರಗೆ ಸರದಿಯಲ್ಲಿ ನಿಂತವರಿಗೆಲ್ಲ ಕೇಳಿಸಿತು. ಬೂತಿನ ಮಾಲೀಕರು ಬಿಲ್ಲು ಹರಿಯುತ್ತ, "ಏನ್ ಸಾಹುಕಾರ್ರ, ಈ ವಯಸ್ಸಿನ್ಯಾಗ?" ಅಂತ ನಕ್ಕರು.

ಈ ವಯಸ್ಸು ಅಂದರೆ ಎಷ್ಟು? ಅವರಿಗೆ ನಲವತ್ತಾರು, ನನಗೆ ನಲವತ್ತೆರಡು. ಸಮುದ್ರ ನೋಡಲು ವಯೋಮಿತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎರಡು ದಿನದಲ್ಲಿ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿತ್ತು. ನಾಲ್ಕನೇ ದಿನ ಸವದತ್ತಿಗೂ ಮುಟ್ಟಿತು. ಅಲ್ಲಿಂದ ನಮ್ಮ ನಾದಿನಿ ಭಾನುವಾರ ಬೆಳಗಿನ ಬಸ್ಸಿಗೇ ಬಂದಿಳಿದಳು. ಚೀಲ ಕೆಳಗಿಡುವ ಮೊದಲೇ ಶುರು:

"ವೈನಿ, ಇದೇನ ಕೇಳಾಕತ್ತೇನಿ ನಾ? ಮನ್ಯಾಗ ವಯಸ್ಸಿಗೆ ಬಂದ ಮಗಳ ಅದಾಳ. ಮಂದಿ ಏನಂತಾರ? ಹೋಗೂದ ಇದ್ರ ಒಂದ ಜೀಪ ಮಾಡ್ರಿ, ಎಲ್ಲಾರೂ ಹೋಗೂಣು. ಅವ್ವನೂ ಬರಲಿ, ಹುಡುಗೋರೂ ಬರಲಿ."

"ನಿಮ್ಮನಿಯವ್ರು ಪ್ರತಿವರ್ಷಾ ಗೋವಾಕ್ಕ ಹೋಗತಾರಲ್ಲ, ಅವರಿಗೆ ಜೀಪ ತುಂಬ ಮಂದಿ ಕರಕೊಂಡ ಹೋಗ್ರಿ ಅಂತ ಯಾರರೆ ಹೇಳ್ಯಾರೇನು?"

"ಅವ್ರು ದೋಸ್ತರ ಜೋಡಿ ಹೋಗತಾರ, ವೈನಿ. ನೀವು ಗಂಡನ ಜೋಡಿ ಹೊಂಟೀರಿ!"

ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಾನು ಅವತ್ತು ಹತ್ತು ಸಲ ಮನಸ್ಸಿನಲ್ಲೇ ಓದಿದೆ. ಗೆಳೆಯರ ಜೊತೆ ಹೋಗಿ ಕುಡಿದು ಬಂದರೆ ಅದು ಟೂರು. ತಾಳಿ ಕಟ್ಟಿದವನ ಜೊತೆ ಹೋಗಿ ಕಾಲು ತೋಯಿಸಿಕೊಂಡು ಬಂದರೆ ಮರ್ಯಾದೆ ಪ್ರಶ್ನೆ! ಇದು ಯಾವ ಸೀಮೆಯ ನ್ಯಾಯ?

ನನ್ನ ಸಿಟ್ಟು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ತಂಗಿ ಬಂದಿದ್ದಾಳೆಂದು ಅವತ್ತು ಮಧ್ಯಾಹ್ನವೇ ಊಟಕ್ಕೆ ಬಂದ ನಮ್ಮ ಮನೆಯವರು ತಂಗಿಯ ಭಾಷಣವನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಕೈ ತೊಳೆದುಕೊಂಡು ಬಂದು ಮೆಲ್ಲಗೆ, "ಬಿಡು, ಈಗ ಕ್ಯಾನ್ಸಲ್ ಮಾಡೂಣು. ಮುಂದ ಯಾವಾಗರೆ ನೋಡಿದ್ರಾತು" ಅಂದರು.

"ನೀವ ಕೇಳಿದವ್ರು, ನಾನಲ್ಲ!" ಅಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಒಳಗೆ ಓದುತ್ತಿದ್ದ ಮಗಳು ಹೊರಗೆ ಬಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಗೋವಾ ತಪ್ಪಿತು ಅಂತ ಅಲ್ಲ. ಇಪ್ಪತ್ತು ವರ್ಷಕ್ಕೆ ಒಮ್ಮೆ ಬಾಯಿಬಿಟ್ಟು ಕೇಳಿದ ಮನುಷ್ಯ ಕೇಳಿದ್ದನ್ನು ಒಂದು ವಾರದಲ್ಲಿ ವಾಪಸ್ ತೆಗೆದುಕೊಂಡರಲ್ಲ, ಅದಕ್ಕೆ.

ಆಗ ಮಾತಾಡಿದವರು ಅತ್ತೆ. ಇಷ್ಟು ಹೊತ್ತು ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಮಗನಿಗೆ ಹೇಳಿದರು:

"ನಿಮ್ಮಪ್ಪ ಬೆಲ್ಲದ ಲಾರಿ ಜೋಡಿ ಎಷ್ಟ ಸಲ ಗೋವಾಕ್ಕ ಹೋಗಿ ಬಂದಾರ, ನಿನಗ ಗೊತ್ತಿಲ್ಲೇನು? ಒಂದ ಸಲ ನಾನೂ ಬರತೇನಿ ಅಂದೆ. ಹೂಂ ಅಂದಿದ್ರು. ಇಳಕಲ್ ಸೀರಿ ಮಡಚಿ ಗಂಟ ಕಟ್ಟಿದ್ದೆ. ಓಣ್ಯಾಗಿನ ಮಂದಿ ನಕ್ರು ಅಂತ ನನ್ನ ಬಿಟ್ಟ ಹೋದ್ರು. ಬಂದ ಮ್ಯಾಲೆ, ಅಲ್ಲೇನೈತಿ, ಬರೇ ನೀರು ಅಂದ್ರು." ಇನ್ನೊಂದು ಶೇಂಗಾ ಒಡೆದರು. "ಬರೇ ನೀರ ನೋಡಾಕ ಮತ್ತ ಮತ್ತ ಯಾಕ ಹೋಗತಿದ್ರು ಅವ್ರು?"

ಮಾವನವರು ತೀರಿಕೊಂಡು ಒಂಬತ್ತು ವರ್ಷವಾಗಿದೆ, ಅತ್ತೆಯ ಬಾಯಲ್ಲಿ ಅವರ ಮೇಲೆ ಒಂದು ದೂರು ನಾನು ಕೇಳಿದ್ದು ಅದೇ ಮೊದಲು. ನಾದಿನಿ ಚೀಲದ ದಾರ ಬಿಚ್ಚುತ್ತ ಕೂತಳು.

"ನೀವೂ ಬರ್ರಿ ಅತ್ತಿ" ಅಂದೆ. ಮನಸಾರೆ ಅಂದೆ.

"ನಾ ಬಂದ್ರ ಅದು ಯಾತ್ರಾ ಆಗತೈತಿ. ನನ್ನ ಆಮ್ಯಾಲೆ ಕರಕೊಂಡ ಹೋಗ್ರಂತ. ಈಗ ನೀವಿಬ್ರ ಹೋಗ್ರಿ. ಹುಡುಗೋರನ್ನ ನಾ ನೋಡ್ಕೋತೇನಿ."

ಮರುದಿನ ಮತ್ತೆ ಹೆಡ್ ಮಾಸ್ತರರ ಮುಂದೆ ನಿಂತೆ. "ಸರ್, ರಜಾ ಇಲ್ಲ ಅನ್ನೂದಿದ್ರ ಅನ್ರಿ. ಆದ್ರ ಯಾಕ ಇಲ್ಲ ಅಂತ ಅದ ಅರ್ಜಿ ಮ್ಯಾಲೆ ನೀವೂ ಬರೀರಿ" ಅಂದೆ. ಅವರು ಡ್ರಾವರು ಎಳೆದರು, ಅರ್ಜಿ ತೆಗೆದರು, ಬಹಳ ಹೊತ್ತು ನೋಡಿದರು. ಬರೆಯಲು ಅವರಿಗೂ ಏನೂ ಹೊಳೆಯಲಿಲ್ಲ. ಸಹಿ ಮಾಡಿದರು. "ಸ್ಟಾಫ್ ರೂಮಿನ್ಯಾಗ ಹೇಳಬ್ಯಾಡ್ರಿ ಮತ್ತ" ಅಂದರು, ಪಾಪ. (ಅಲ್ಲಿ ಆಗಲೇ ನಾನು ಯಾವ ಸೀರೆ ಉಡಬೇಕು ಅನ್ನುವವರೆಗೆ ಚರ್ಚೆ ಮುಗಿದಿತ್ತು.)

ಹೋದೆವು. ಬೆಳಗಾವಿಗೆ ಒಂದು ಬಸ್ಸು, ಅಲ್ಲಿಂದ ಪಣಜಿಗೆ ಇನ್ನೊಂದು. ಘಟ್ಟದ ತಿರುವಿನಲ್ಲಿ ನನಗೆ ವಾಂತಿ, ಅವರಿಗೆ ಗಾಬರಿ. ಪಣಜಿಯಲ್ಲಿ ಶಾಕಾಹಾರಿ ಖಾನಾವಳಿ ಹುಡುಕಿ ಮೂರು ಬೀದಿ ತಿರುಗಿದೆವು. ಸಂಜೆ ಮಿರಾಮಾರ್ ಬೀಚಿನಲ್ಲಿ ಜಾತ್ರೆಯಂಥ ಜನ. ಗಾಳಿಪಟ, ಭೇಲ್‌ಪುರಿ, ಎಲ್ಲಿಂದಲೋ ಬ್ಯಾಂಡಿನ ಸದ್ದು. ಅಷ್ಟು ಜನರಲ್ಲಿ ಒಬ್ಬರಾದರೂ ನೀವಿಬ್ಬರೇ ಯಾಕೆ ಬಂದಿರಿ ಅಂತ ಕೇಳಲಿಲ್ಲ. ನಮ್ಮ ಮನೆಯವರು ಪ್ಯಾಂಟು ಮೊಣಕಾಲವರೆಗೆ ಮಡಚಿ ನೀರಿಗಿಳಿದರು. ತೆರೆ ಬಂದಾಗೊಮ್ಮೆ ನನ್ನ ಕೈ ಹಿಡಿದರು, ಹೋದಾಗ ಬಿಟ್ಟರು. ಆಮೇಲಾಮೇಲೆ ಬಿಡುವುದನ್ನು ಮರೆತರು.

ಮರಳಲ್ಲಿ ಕೂತಾಗ ಅವರೊಂದು ಮಾತು ಹೇಳಿದರು. ಮದುವೆಯಾದ ಹೊಸತರಲ್ಲಿ ನನಗೆ ರಾಮದುರ್ಗದ ಶಾಲೆಗೆ ಪೋಸ್ಟಿಂಗ್ ಆಗಿತ್ತು. ಎರಡು ವರ್ಷ ಅಲ್ಲೇ ರೂಮು ಮಾಡಿಕೊಂಡಿದ್ದೆ, ಪ್ರತಿ ಶನಿವಾರ ಬೈಲಹೊಂಗಲಕ್ಕೆ ಬರುತ್ತಿದ್ದೆ. ಒಂದು ದಿನವೂ ಇವರು ಬಸ್ ಸ್ಟ್ಯಾಂಡಿಗೆ ಬರಲಿಲ್ಲ ಅನ್ನುವ ನೋವು ನನ್ನಲ್ಲಿ ಹಾಗೇ ಉಳಿದಿತ್ತು.

"ಬರತಿದ್ದೆ ನಾ," ಅಂದರು. "ಬಸ್ ಬರೂಕಿಂತ ಮೊದಲ ಬರತಿದ್ದೆ. ಗುರುತಿನವ್ರು ಕಂಡ್ರ, ಹೇಣ್ತಿ ಸಲುವಾಗಿ ಕಾಯಾಕತ್ತಾನ ಅಂತ ನಗತಾರಂತ ಪೇಪರ್ ಅಂಗಡಿ ಹಿಂದ ನಿಲ್ಲತಿದ್ದೆ. ನೀ ಇಳಿದ ಮನಿಗೆ ನಡಕೊಂತ ಹೋಗತಿದ್ದಿ. ನಾ ಹಿಂದಿಂದ ಬರತಿದ್ದೆ."

ಎರಡು ವರ್ಷ! ಆ ಭಾರದ ಬ್ಯಾಗು ಒಬ್ಬಳೇ ಹೊತ್ತುಕೊಂಡು ನಡೆದಿದ್ದೇನೆ. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಗಂಡ ಖಾಲಿ ಕೈ ಬೀಸಿಕೊಂಡು ಬರುತ್ತಿದ್ದ. ನಡುವೆ ಯಾರಿದ್ದರು? ಮಂದಿ. ಏನಂದಾರು ಅನ್ನುವ ಅದೇ ಮಂದಿ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಅಷ್ಟರಲ್ಲಿ ಬೀಚಿನ ಫೋಟೋದವರು ಬಂದು, ಬೈದು ಬೈದು ನಗುತ್ತಿದ್ದ ನಮ್ಮನ್ನು ಹಾಗೇ ಕ್ಲಿಕ್ಕಿಸಿದರು.

ಆ ಫೋಟೋಕ್ಕೆ ಫ್ರೇಮು ಹಾಕಿಸಿ ಅತ್ತೆಯೇ ಪಡಸಾಲೆಯಲ್ಲಿ ಮೊಳೆ ಹೊಡೆಸಿದ್ದಾರೆ. ಈಗ ಬಂದವರೆಲ್ಲ ಅದನ್ನು ನೋಡಿ, "ಇದನ್ನ ಒಳಗಿನ ಖೋಲ್ಯಾಗ ಹಾಕೂದಲ್ಲೇನ್ರಿ?" ಅಂತಾರೆ.

ಪಕ್ಕದಲ್ಲೇ ನಮ್ಮ ಮದುವೆಯ ಫೋಟೋ ಇದೆ. ಅದರಲ್ಲಿ ಇಬ್ಬರ ಮುಖದಲ್ಲೂ ನಗುವಿಲ್ಲ, ಅದನ್ನು ಒಳಗೆ ಹಾಕಿ ಅಂತ ಇಪ್ಪತ್ತು ವರ್ಷದಲ್ಲಿ ಯಾರಾದರೂ ಅಂದಿದ್ದಾರೆಯೇ?